ಕಂಡಕ್ಟರರ ಮೀಸೆ

ಪಟಿಕದ ಕಲ್ಲಿಗೆ ವಾಸನೆ ಇಲ್ಲ ಅನ್ನುತ್ತಾರೆ. ನನ್ನ ಮೂಗಿಗೆ ಇದೆ. ಹೋದ ವಾರ ರಾಯಚೂರಿನ ಕ್ಷೌರದ ಅಂಗಡಿಯಲ್ಲಿ ದಾಡಿ ಮುಗಿಸಿ, ಅಂಗಡಿಯವನು ನನ್ನ ಕೆನ್ನೆಗೆ ಅದನ್ನು ಉಜ್ಜುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಮೂವತ್ತರ ಆಸುಪಾಸಿನ ಒಬ್ಬರು ಕೂತಿದ್ದರು, ಬ್ಯಾಂಕಿನಲ್ಲಿ ಕೆಲಸವಂತೆ. "ನನ್ನ ಮೀಸಿ ಪೂರಾ ತೆಗೀಬೇಕ್ರಿ. ಹಾಡಿನ ನಾಟಕ ಮಾಡಾಕತ್ತೀವಿ, ನಂದು ಹೆಣ್ಣಿನ ಪಾರ್ಟ್" ಎಂದರು.

ಅಂಗಡಿಯವನ ಕೈ ನಿಂತಿತು. "ನಿಮ್ಮ ಅಪ್ಪಾರು ಅದಾರಲ್ರೀ?" ಎಂದು ಕೇಳಿದ.

ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಯಬಾರದು, ತೆಗೆದರೆ ಅಪ್ಪನ ಸಾವು ಬಯಸಿದ ಹಾಗೆ ಎಂದು ನಮ್ಮ ಕಡೆ ಹಳಬರು ಈಗಲೂ ನಂಬುತ್ತಾರೆ. ಆ ಮನುಷ್ಯ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಕೆನ್ನೆ ಚುರುಗುಡುತ್ತಿತ್ತು, ಕಣ್ಣ ಮುಂದೆ ನಮ್ಮೂರ ಕಂಡಕ್ಟರರು ನಿಂತಿದ್ದರು...

ಅವರು ದೇವದುರ್ಗ–ಮಾನ್ವಿ ಬಸ್ಸಿನ ಕಂಡಕ್ಟರು. ನಮ್ಮೂರು ನೀರಮಾನ್ವಿಗೆ ಹತ್ತಿರ. ನಾನು ಆಗಷ್ಟೇ ಮಾನ್ವಿಯ ಹೈಸ್ಕೂಲಿಗೆ ಮಾಸ್ತರನಾಗಿ ಸೇರಿದ್ದೆ, ಹಾರ್ಮೋನಿಯಂ ನುಡಿಸಲು ಬರುತ್ತಿದ್ದರಿಂದ ಊರಿನ ನಾಟಕಕ್ಕೂ ಮಾಸ್ತರನಾದೆ. ಭತ್ತದ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ನಾಟಕ ನಮ್ಮಲ್ಲಿ ತಪ್ಪುತ್ತಿರಲಿಲ್ಲ. ನಾಯಕಿಯ ಪಾತ್ರ ಹದಿನೈದು ವರ್ಷದಿಂದ ಕಂಡಕ್ಟರರದೇ. ಟಿಕೆಟ್ ಚೀಲ ಹೊತ್ತು ಹೊತ್ತು ಗಟ್ಟಿಯಾದ ಆ ಭುಜದ ಮೇಲೆ ಸೆರಗು ಬಿತ್ತೆಂದರೆ, ಮುಂದಿನ ಸಾಲಿನ ಹೆಂಗಸರು ತಮ್ಮ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಅಂಥ ನಟನೆ. ದನಿಯೋ, ತಾರ ಷಡ್ಜಕ್ಕೆ ಏರಿದರೂ ಒಡೆಯುತ್ತಿರಲಿಲ್ಲ.

ಬಸ್ಸಿನಲ್ಲಿ ಪಡ್ಡೆಗಳು "ಯಕ್ಕಾ, ಮಾನ್ವಿಗೆ ಒಂದು ಕೊಡು ಬೇ" ಎಂದು ಕಿಚಾಯಿಸುತ್ತಿದ್ದರು. ಇವರು ಮೀಸೆ ತಿರುವುತ್ತ, "ಯಕ್ಕಾ ಅಂದವ್ರಿಗೆ ಚಿಲ್ಲರ ವಾಪಸ್ ಸಿಗಂಗಿಲ್ಲ ನೋಡಲೇ" ಎನ್ನುತ್ತಿದ್ದರು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ನಗದವರು ಒಬ್ಬರೇ, ಅವರ ತಂದೆ. ನಮ್ಮೂರಲ್ಲೊಂದು ಪದ್ಧತಿ ಇತ್ತು. ತಾಲೀಮು ಶುರುವಾಗುವ ದಿನ ಹಾರ್ಮೋನಿಯಂಗೆ ಪೂಜೆ ಮಾಡಿ, ನಾಯಕಿಯ ಪಾತ್ರದವರಿಗೆ ಹಸಿರು ಬಳೆ ತೊಡಿಸುವುದು. ಬಳೆ ತೊಡುವವರು ಆ ಬೆಳಿಗ್ಗೆಯೇ ಮೀಸೆ ತೆಗೆದು ಬರಬೇಕು. ಪ್ರತಿ ವರ್ಷ ಆ ದಿನ ಮುದುಕ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. "ನಾ ಇನ್ನೂ ಉಸರಾಡಾಕತ್ತೀನಿ. ಏನವಸರ ಬಂದದ ನಿನಗ?" ಎಂದು ಬೈಯುತ್ತಿದ್ದ. ಮೀಸೆ ಮತ್ತೆ ಚಿಗುರಿದಾಗ ಮಾತೂ ಚಿಗುರುತ್ತಿತ್ತು. "ಆ ಬೈಗಳ ಕೇಳಿ ಬಂದ್ರನ ನನಗ ಅಳೋ ಸೀನ್ ಛಲೋ ಬರ್ತಾವ್ರಿ ಮಾಸ್ತರ" ಎಂದು ಕಂಡಕ್ಟರರು ನನ್ನ ಮುಂದೆ ನಗುತ್ತ ಹೇಳಿದ್ದರು. ನಾನೂ ನಕ್ಕಿದ್ದೆ.

ಒಂದು ವರ್ಷ ನಾನು ದೇವದುರ್ಗದಲ್ಲಿ ಒಂದು ನಾಟಕ ನೋಡಿ ಬಂದೆ. ನಾಯಕಿಯಾಗಿ ಹೆಣ್ಣುಮಗಳೇ ಹಾಡಿದ್ದಳು. ಕಂಡಕ್ಟರರು ಡ್ಯೂಟಿಗೆ ಹೋಗಿದ್ದ ದಿನ, ಊರಿನ ಸಭೆಯಲ್ಲಿ ನಾನೇ ಎದ್ದು ನಿಂತು, ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು, ಗಂಡಸು ಸೀರೆ ಉಟ್ಟರೆ ಇನ್ನು ಜನ ನಗುತ್ತಾರೆ ಎಂದು ಭಾಷಣ ಬಿಗಿದೆ. ಎಲ್ಲರೂ ಒಪ್ಪಿದರು, ರಾಯಚೂರಿನಿಂದ ಒಬ್ಬ ಕಲಾವಿದೆಯನ್ನು ಕರೆಸುವುದೆಂದಾಯಿತು. ಹೆಣ್ಣುಮಕ್ಕಳು ರಂಗಕ್ಕೆ ಬಂದದ್ದು ಒಳ್ಳೆಯದೇ, ಅದರಲ್ಲಿ ಇವತ್ತಿಗೂ ನನಗೆ ಎರಡು ಮಾತಿಲ್ಲ. ನನ್ನ ತಪ್ಪು ಬೇರೆ. "ಕಂಡಕ್ಟರಿಗೆ ಯಾರು ಹೇಳೋರು?" ಎಂದು ಒಬ್ಬರು ಕೇಳಿದಾಗ, "ನಾ ಹೇಳ್ತೀನಿ ಬಿಡ್ರಿ" ಎಂದೆ.

ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತ ದಿನ ದೂಡಿದೆ. ನಾನು ಹೇಳಿಯೇ ಇರುತ್ತೇನೆಂದು ಉಳಿದವರೂ ಅವರ ಮುಂದೆ ಆ ಮಾತೆತ್ತಲಿಲ್ಲ. ಪೂಜೆಯ ಹಿಂದಿನ ದಿನ ಕೆಲಸವಿದ್ದು ದೇವದುರ್ಗಕ್ಕೆ ಹೋದವನು ಸಂಜೆ ಅವರದೇ ಬಸ್ಸಿನಲ್ಲಿ ವಾಪಸಾದೆ. ಟಿಕೆಟ್ ಕೊಟ್ಟು ಮುಗಿಸಿ ನನ್ನ ಪಕ್ಕ ಬಂದು ಕೂತರು.

"ಯಪ್ಪಗ ಈ ಸಲ ಭಾಳ ಆರಾಮಿಲ್ರಿ ಮಾಸ್ತರ. ಹಾಸಿಗಿ ಹಿಡದಾನ. ಮೀಸಿ ಮುಟ್ಟಾಕ ಕೈ ಬರವಲ್ದು... ಆದ್ರ ಪಾರ್ಟ್ ಬಿಟ್ಟು ಇರಾಕ ನನ್ನ ಕೈಲೆ ಆಗಂಗಿಲ್ಲ. ನಾಳಿ ಪೂಜಾ ಎಷ್ಟಕ್ಕ?"

"ಹತ್ತಕ್ಕ" ಎಂದೆ.

ಅಷ್ಟೇ ಎಂದೆ. ಬಸ್ಸಿನ ತುಂಬ ಜನ, ಇಲ್ಲಿ ಹೇಗೆ ಹೇಳುವುದು, ಬೆಳಿಗ್ಗೆ ಅವರ ಮನೆಗೇ ಹೋದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಏಳುವ ಹೊತ್ತಿಗೆ ಆ ಧೈರ್ಯವೂ ಇರಲಿಲ್ಲ. ಮೀಸೆಯ ವಿಷಯ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು.

ಹತ್ತಕ್ಕೆ ಸರಿಯಾಗಿ ಬಂದರು. ಮೂಗಿನ ಕೆಳಗೆ ನುಣ್ಣಗೆ, ಪಟಿಕ ಉಜ್ಜಿದ್ದ ಜಾಗ ಬೆಳ್ಳಗೆ. ಹಾರ್ಮೋನಿಯಂ ಪಕ್ಕದ ಚಾಪೆಯ ಮೇಲೆ ಆ ಕಲಾವಿದೆ ಕೈ ಚಾಚಿ ಕೂತಿದ್ದರು, ಬಳೆ ತೊಡಿಸುವುದು ನಡೆದಿತ್ತು. ಕಂಡಕ್ಟರರು ಬಳೆ ನೋಡಿದರು, ನನ್ನನ್ನು ನೋಡಿದರು. ಕೈ ತಾನಾಗಿ ಮೇಲ್ದುಟಿಗೆ ಹೋಯಿತು. ಗಾಬರಿಯಿಂದ ಏಳಲು ಹೋದ ಆಕೆಗೆ, "ಕೂಡವ್ವಾ, ನಿಂದೇನು ತಪ್ಪದ ಇದ್ರಾಗ" ಎಂದರು. ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಿನ್ನಿ ಬಾಜೂಕ ಕುಂತಿದ್ರಲ್ಲ ಮಾಸ್ತರ. ಒಂದು ಮಾತು ಅಂದಿದ್ರ ಆಗತಿತ್ತು" ಎಂದು ಹೊರಟುಹೋದರು.

ನಾಲ್ಕನೇ ದಿನಕ್ಕೆ ಅವರ ತಂದೆ ತೀರಿಕೊಂಡರು. ಆ ನಾಲ್ಕು ದಿನ ಮುದುಕ ಮಗನ ಕೈಯ ನೀರು ಕೂಡ ಮುಟ್ಟಲಿಲ್ಲವಂತೆ. ಮಣ್ಣಿಗೆ ಹೋಗಿದ್ದೆ. ಅಪ್ಪನಿಗಾಗಿ ಮಗ ಮೀಸೆ ಕೊಡುವುದು ಅವರ ಮನೆಯ ಪದ್ಧತಿ. ಕೊಡಲು ಅವರ ತುಟಿಯ ಮೇಲೆ ಗದ್ದೆಯ ಕೂಳೆಯಂಥ ನಾಲ್ಕು ದಿನದ ಕೂದಲಷ್ಟೇ ಇತ್ತು. "ಅಪ್ಪ ಹೋಗೂಕಿಂತ ಮೊದ್ಲ ತೆಗದು ಕುಂತಿದ್ದ" ಎಂದು ಯಾರೋ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಅದು ನನ್ನ ಕೆಲಸ ಎಂದು ಅಲ್ಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಕಂಡಕ್ಟರರು ಮತ್ತೆ ಬಣ್ಣ ಹಚ್ಚಲಿಲ್ಲ, ಮೀಸೆಯನ್ನೂ ಬೆಳೆಸಲಿಲ್ಲ. ಬಸ್ಸಿನಲ್ಲಿ ಸಿಕ್ಕರೆ ಸರಿಯಾಗಿಯೇ ಟಿಕೆಟ್ ಕೊಡುತ್ತಿದ್ದರು. ಮಾಸ್ತರ ಎನ್ನುವುದನ್ನು ಬಿಟ್ಟು "ಸರ್" ಎನ್ನತೊಡಗಿದರು. ಆ "ಸರ್" ಕೇಳಲಾಗದೆ ಅವರ ಬಸ್ಸು ಬಂದರೆ ನಾನು ಹತ್ತುತ್ತಿರಲಿಲ್ಲ, ಹಿಂದೆ ಬರುವ ಬಸ್ಸಿಗೆ ಕಾಯುತ್ತಿದ್ದೆ. ಅವರು ನಿವೃತ್ತರಾದರು, ನಾನು ರಾಯಚೂರಿಗೆ ಬಂದೆ. ಅವರು ತೀರಿಹೋದ ಸುದ್ದಿ ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್ ಹೇಳಿದಾಗ ಆರು ತಿಂಗಳು ಕಳೆದಿತ್ತು. ತಪ್ಪಾಯಿತು ಎನ್ನಲು ಇನ್ನು ಯಾರ ಮನೆಗೆ ಹೋಗಲಿ...

ಅಂಗಡಿಯವನು ಹೊಸ ಬ್ಲೇಡು ಸಿಕ್ಕಿಸಿ ಪಕ್ಕದ ಕುರ್ಚಿಗೆ ಹೋದ. ನಾನು ಅಡ್ಡ ಬಾಯಿ ಹಾಕಿದೆ. "ಬ್ಲೇಡು ಹಚ್ಚೂಕಿಂತ ಮೊದ್ಲ ನಿಮ್ಮ ನಾಟಕದವ್ರಿಗೆ ಒಂದು ಫೋನ್ ಮಾಡ್ರಿ. ಪಾರ್ಟ್ ನಿಮಗ ಪಕ್ಕಾ ಅದನೋ ಇಲ್ಲೋ ಕೇಳ್ರಿ."

ಇದೆಂಥ ಮುದುಕ ಎಂಬಂತೆ ನೋಡಿದರು ಆ ಮನುಷ್ಯ. ಆದರೂ, ನನ್ನ ಮುಖದಲ್ಲಿ ಏನು ಕಂಡರೋ, ಫೋನ್ ಮಾಡಿದರು. ಅರ್ಧ ನಿಮಿಷದ ಮಾತು. "ಪಕ್ಕಾ ಅದಂತ್ರಿ ಸರ್" ಎಂದು ನಕ್ಕರು.

ಅರ್ಧ ನಿಮಿಷ. ನನಗೆ ಅಂದು ದೇವದುರ್ಗದಿಂದ ಮಾನ್ವಿಯವರೆಗೆ ಇಡೀ ದಾರಿ ಇತ್ತು.