ಬಂದೂಕಿಗೆ ಬಿದ್ದ ಅಕ್ಷತೆ

ಆಯುಧಪೂಜೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಂದಿನ ಯುದ್ಧ. ಆರಕ್ಕೆ ಹಾಲು ಉಕ್ಕಿತು. ಆರೂವರೆಗೆ ಮಗಳು ಅನಿಕಾಳ ಒಂದು ಕಾಲುಚೀಲ ಕಾಣೆಯಾಯಿತು. ಏಳಕ್ಕೆ ಇವರು ಲ್ಯಾಪ್‌ಟಾಪ್ ಮುಂದೆ ಕೂತರು. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಲುಂಗಿ.

ಸಿಡ್ನಿಯಲ್ಲಿ ಈ ಹಬ್ಬಕ್ಕೆ ರಜೆಯಿಲ್ಲ. ಲಂಚ್ ಬಾಕ್ಸ್ ಕಟ್ಟುತ್ತಲೇ ಪೂಜೆ ಮುಗಿಸಬೇಕು. ಮಿಕ್ಸಿ, ರೈಸ್ ಕುಕ್ಕರ್, ವ್ಯಾಕ್ಯೂಮ್ ಕ್ಲೀನರ್, ಕಾರು, ಎಲ್ಲಕ್ಕೂ ಅರಿಸಿನ, ಕುಂಕುಮ, ಒಂದೊಂದು ಸೇವಂತಿಗೆ. ಲ್ಯಾಪ್‌ಟಾಪಿನ ಸರದಿ ಬಂದಾಗ ಇವರು ಮೀಟಿಂಗ್ ಮ್ಯೂಟ್ ಮಾಡಿ, "ಕ್ಯಾಮೆರಾ ಮೇಲೆ ಬೇಡ ಕಣೇ. ಹೋದ್ ವರ್ಷ ಮೂರು ದಿನ ನನ್ ಮುಖ ಕೆಂಪಗೆ ಕಾಣ್ತಿತ್ತು" ಎಂದರು.

ಗಮನಿಸಿದ್ದೀರಾ? ಹಬ್ಬದ ಹೆಸರು ಆಯುಧಪೂಜೆ. ನಮ್ಮ ಮನೆಯ ಅತಿ ಭೀಕರ ಆಯುಧ ಯಾವುದು? ಕಾಯಿ ತುರಿಯುವ ಮಣೆ.

ಅಷ್ಟರಲ್ಲಿ ಗ್ಯಾರೇಜ್ ಬಾಗಿಲಲ್ಲಿ ಗ್ರೆಗ್ ಕಾಣಿಸಿಕೊಂಡರು, ಕೈಯಲ್ಲಿ ಉದ್ದನೆಯ ಕರಿ ಪೆಟ್ಟಿಗೆ.

ಗ್ರೆಗ್, ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ವಯಸ್ಸು ಎಪ್ಪತ್ತು. ಅವತ್ತು ನ್ಯೂಜಿಲೆಂಡಿಗೆ ಜಿಂಕೆ ಬೇಟೆಗೆ ಹೊರಟಿದ್ದರು, ತಮ್ಮದೇ ಬಂದೂಕಿನೊಂದಿಗೆ. ಅಲ್ಲಿರುವ ಅವರ ತಮ್ಮ ಕೆನ್‌ಗೆ ದಿನದಿನಕ್ಕೆ ಕಣ್ಣು ಮಂಜಾಗುತ್ತಿದೆ. ಮುಂದಿನ ವರ್ಷಕ್ಕೆ ಏನೂ ಕಾಣುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅಣ್ಣತಮ್ಮ ಒಟ್ಟಿಗೆ ಬೆಟ್ಟ ಹತ್ತುವುದು ಇದೇ ಕೊನೆಯ ಸಲ.

ಅವರನ್ನು ಏರ್‌ಪೋರ್ಟಿಗೆ ಬಿಡಬೇಕಾದವರು ಹೆಂಡತಿ ಜೂಡಿ. ಆಕೆ ಮೂವತ್ತು ವರ್ಷಗಳಿಂದ ಶುದ್ಧ ಸಸ್ಯಾಹಾರಿ. (ನಾನು ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ.) "ಕೊಲ್ಲೋಕೆ ಹೋಗೋನಿಗೆ ನಾನು ಡ್ರೈವರ್ ಆಗಲ್ಲ" ಎಂದುಬಿಟ್ಟರು. ಹಾಗಾಗಿ ನಾನು ಡ್ರೈವರ್ ಆದೆ.

ಬಂದೂಕನ್ನು ವಿಮಾನದಲ್ಲಿ ವಿದೇಶಕ್ಕೆ ಒಯ್ಯುವುದು ಹೇಗೆಂದು ನನಗೀಗ ಗೊತ್ತು. (ನಿಮಗೂ ಗೊತ್ತಿರಲಿ, ಯಾವುದಕ್ಕೂ ಇರಲಿ.) ಇಲ್ಲಿನ ಲೈಸೆನ್ಸ್ ಬೇಕು. ಅಲ್ಲಿನ ಪೊಲೀಸರ ಪರ್ಮಿಟ್ ಬೇಕು. ವಿಮಾನದವರಿಗೆ ಮೊದಲೇ ತಿಳಿಸಬೇಕು. ಪೆಟ್ಟಿಗೆಗೆ ಬೀಗ, ಗುಂಡುಗಳಿಗೆ ಬೇರೆ ಡಬ್ಬಿ. ಹೊರಗಿನ ಬೀಜ, ರೋಗ ಆ ದೇಶಕ್ಕೆ ಬರಬಾರದೆಂದು ಬೇಟೆಯ ಬೂಟಿನಲ್ಲಿ ಒಂದು ಹುಲ್ಲುಕಡ್ಡಿ, ಒಂದು ಚಿಟಿಕೆ ಮಣ್ಣು ಇರಕೂಡದು. ಗ್ರೆಗ್ ಎರಡು ದಿನ ಕೂತು ಹಳೇ ಟೂತ್‌ಬ್ರಷ್‌ನಿಂದ ಬೂಟು ಉಜ್ಜಿದ್ದರು. ಹಿಂದಿನ ದಿನ ಅಲ್ಲಿನ ಕಸ್ಟಮ್ಸಿನ ಆನ್‌ಲೈನ್ ಫಾರ್ಮ್ ತುಂಬಿದ್ದೂ ನಮ್ಮ ಅಡುಗೆಮನೆಯಲ್ಲೇ. ಬಂದೂಕು ಇದೆಯೇ? ಇದೆ. ಬೇಟೆಯ ಬೂಟು? ಇದೆ. ಗಿಡ, ಬೀಜ, ಕಾಳು? ಇಲ್ಲ.

ಕಾರು ಹತ್ತುವ ಮೊದಲು ಅವರು ಬೂಟನ್ನು ಪಕ್ಕಕ್ಕಿಟ್ಟು ಪೆಟ್ಟಿಗೆ ತೆರೆದರು. "ಹೋದ ವರ್ಷ ನನ್ನ ಹುಲ್ಲು ಕತ್ತರಿಸೋ ಮಷೀನಿಗೆ ಕೆಂಪು ಬೊಟ್ಟು ಇಟ್ಟೆಯಲ್ಲ, ಆಮೇಲೆ ಅದು ಒಂದು ದಿನಾನೂ ಕೆಟ್ಟಿಲ್ಲ. ಇದಕ್ಕೂ ಒಂದು ಇಡ್ತೀಯಾ?"

ಇಷ್ಟು ವರ್ಷ ಆಯುಧಪೂಜೆ ಮಾಡಿದ್ದೇನೆ. ನಿಜವಾದ ಆಯುಧ ಬಂದದ್ದು ಇದೇ ಮೊದಲು! ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನೆಡಿಕ್ಟಾ ನಮಗೆ ಫೋರ್ಕ್ ಹಿಡಿಯುವುದನ್ನು ಕಲಿಸಿದ್ದರು, ಮೊಣಕಾಲು ಜೋಡಿಸಿ ಕೂರುವುದನ್ನು ಕಲಿಸಿದ್ದರು. ಹಿರಿಯರೊಬ್ಬರು ರೈಫಲ್ ಮುಂದಿಟ್ಟರೆ ಏನನ್ನಬೇಕೆಂದು ಕಲಿಸಿರಲಿಲ್ಲ. ನಾನು "ಶ್ಯೂರ್" ಎಂದೆ.

ಮರದ ಹಿಡಿಗೆ ಕುಂಕುಮ ಇಟ್ಟೆ. ಕಣ್ಣು ಮುಚ್ಚಿದೆ. ಏನೆಂದು ಬೇಡಿಕೊಳ್ಳಲಿ? ಗುರಿ ತಪ್ಪದಿರಲಿ ಎನ್ನಲೇ? ಪಾಪ, ಜಿಂಕೆ. ತಪ್ಪಲಿ ಎನ್ನಲೇ? ಪಾಪ, ಕೆನ್. ಕೊನೆಗೆ "ಎಲ್ಲರಿಗೂ ಒಳ್ಳೇದಾಗಲಿ" ಎಂದು ಜಾರಿಕೊಂಡು ಅಕ್ಷತೆ ಹಾಕಿದೆ. ಧಾರಾಳವಾಗಿಯೇ ಹಾಕಿದೆ. ಪೆಟ್ಟಿಗೆಯೊಳಗೆ ಬಿದ್ದದ್ದನ್ನು ಗ್ರೆಗ್ ಭಕ್ತಿಯಿಂದ ಕೊಡವಿ ಬೀಗ ಹಾಕಿದರು.

ಏರ್‌ಪೋರ್ಟಿನಲ್ಲಿ ಬಂದೂಕಿಗೆ ಹಿಡಿದದ್ದು ಐದೇ ನಿಮಿಷ. ಕೌಂಟರಿನ ಹುಡುಗಿ ಛತ್ರಿಯ ಬಗ್ಗೆ ವಿಚಾರಿಸುವಂತೆ ಎರಡು ಪ್ರಶ್ನೆ ಕೇಳಿ, ಪರ್ಮಿಟ್ ನೋಡಿ, ನಕ್ಕು ಕಳಿಸಿದಳು. ಪಕ್ಕದ ಕೌಂಟರಿನಲ್ಲಿ ನಮ್ಮ ಕಡೆಯ ಒಂದು ಸಂಸಾರ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಕೂತಿತ್ತು. ತೂಕ ಇಳಿಸಲು ಅಜ್ಜಿಗೆ ಮೂರನೆಯ ಸ್ವೆಟರ್ ತೊಡಿಸುತ್ತಿದ್ದರು.

ಮನೆಗೆ ಬಂದೆ. ಮೆಲ್ಬರ್ನ್‌ನ ವಿಂಡಮ್ ವೇಲ್‌ನಿಂದ ತಂಗಿ ವೀಣಾಳ ವಿಡಿಯೋ ಕಾಲ್.

"ಅಕ್ಕಾ, ನಾವು ಏರ್ ಫ್ರೈಯರ್‌ಗೂ ಪೂಜೆ ಮಾಡಿದ್ವಿ. ನೀನು?"

"ಬಂದೂಕಿಗೆ."

ವಿಷಯ ಹೇಳಿದೆ. ಅವಳು ನಗಲಿಲ್ಲ. "ಅಕ್ಷತೆ ಹಾಕಿದ್ಯಾ?"

"ಹಾಕ್ದೆ."

"ಅಯ್ಯೋ ಅಕ್ಕಾ! ನ್ಯೂಜಿಲೆಂಡಲ್ಲಿ ಅಕ್ಕೀನೂ ಕಾಳಿನ ಲೆಕ್ಕಾನೇ. ಒಂದು ಒಣಮೆಣಸಿನಕಾಯಿಗೆ ನಮ್ಮನ್ನ ಒಂದು ಗಂಟೆ ನಿಲ್ಸಿದ್ರು. ಬೂಟು ಎಲ್ಲಿತ್ತು?"

ಬೂಟು ಪೆಟ್ಟಿಗೆಯ ಪಕ್ಕದಲ್ಲೇ ಬಾಯಿ ತೆರೆದು ನಿಂತಿತ್ತು. ಕಾಳು ಇಲ್ಲ ಎಂದು ಬರೆದುಕೊಟ್ಟ ಮನುಷ್ಯ. ಜೊತೆಗೆ ಬಂದೂಕು ಬೇರೆ. ಸುಳ್ಳುಗಾರನ ಪರ್ಮಿಟ್ ಅವರು ಉಳಿಸುತ್ತಾರೆಯೇ? ಬೇಟೆ ಮುಗಿದಂತೆ, ಕೆನ್ ಕಾದದ್ದೇ ಬಂತು. ಫೋನ್ ಮಾಡಿದೆ, ಸ್ವಿಚ್ ಆಫ್. ವಿಮಾನ ಹಾರಿತ್ತು. ಮೆಸೇಜಾದರೂ ಹಾಕುತ್ತೇನೆ ಎಂದೆ.

ಇವರು ಲುಂಗಿಯಲ್ಲೇ ಮಹಡಿ ಇಳಿದು ಓಡಿ ಬಂದರು. "ಮೆಸೇಜ್ ಗಿಸೇಜ್ ಏನೂ ಬೇಡ! ನಮ್ಮ ಸಿಟಿಜನ್‌ಶಿಪ್ ಇನ್ನೂ ಪೆಂಡಿಂಗ್ ಇದೆ. ಗನ್, ಕಸ್ಟಮ್ಸ್, ನಿನ್ನ ಹೆಸರು, ಮೂರೂ ಒಂದೇ ಮೆಸೇಜಲ್ಲಿ ಇರ್ಬಾರ್ದು."

"ಮತ್ತೇನ್ ಮಾಡ್ಲಿ?"

"ಡಿಲೀಟ್ ಮಾಡು."

"ಏನನ್ನ ರೀ? ಅಕ್ಕೀನಾ?"

ಇವರನ್ನೇನೂ ಬೈಯುವ ಹಾಗಿಲ್ಲ. ನಾವೆಲ್ಲ ಹೀಗೆಯೇ ಅಲ್ಲವೇ? ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕೆ ಕಾಯುತ್ತೇವೆ, ಆದರೂ ಯಾವ ಫಾರ್ಮ್ ಕಂಡರೂ ಬೆವರುತ್ತೇವೆ. ಬಂದೂಕು ಇಟ್ಟುಕೊಂಡವರು "ಇದೆ" ಎಂದು ರಾಜಾರೋಷವಾಗಿ ಹೇಳುತ್ತಾರೆ. ಚಟ್ನಿಪುಡಿ ಇಟ್ಟುಕೊಂಡ ನಾವು ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟು ದೇವರ ಹೆಸರು ಹೇಳುತ್ತೇವೆ.

ಸಿಸ್ಟರ್ ಬೆನೆಡಿಕ್ಟಾ ಇಂಕು ಚೆಲ್ಲಿದವರಿಗೆ ಎರಡು ದರ ಇಟ್ಟಿದ್ದರು. ಸಿಕ್ಕಿಬಿದ್ದರೆ ನಾಲ್ಕು ಏಟು, ತಾನಾಗಿ ಹೇಳಿದರೆ ಎರಡು. ನಾನು ಯಾವಾಗಲೂ ಎರಡರ ಗಿರಾಕಿ. ಇವರ ಎದುರೇ ಟೈಪ್ ಮಾಡಿದೆ: "ಗ್ರೆಗ್, ನಿಮ್ಮ ಬೂಟಿನೊಳಗೆ ಅಕ್ಕಿ ಇದೆ. ಪೂಜೆ ಮಾಡುವಾಗ ಹಾಕಿದವಳು ನಾನು. ಅವರು ಹುಡುಕುವ ಮೊದಲು ನೀವೇ ಹೇಳಿ. ತಪ್ಪು ನನ್ನದು." ಕೆಳಗೆ ಪೂರ್ತಿ ಹೆಸರು, ಮನೆ ನಂಬರ್ ಸಮೇತ. ಇವರು ಸೋಫಾದ ಮೇಲೆ ಕುಸಿದರು.

ಮಾಡಿದ ಪುಳಿಯೋಗರೆ ಮಧ್ಯಾಹ್ನವಿಡೀ ಆರಿತು. ಸ್ಕೂಲಿನಿಂದ ಬಂದ ಅನಿಕಾ ಕಥೆ ಕೇಳಿ ಅರಳಿದಳು. "ಅಮ್ಮಾ, ಆರ್ ಯೂ ಗೋಯಿಂಗ್ ಟು ಜೇಲ್? ಕ್ಯಾನ್ ಐ ಟೆಲ್ ಮೈ ಫ್ರೆಂಡ್ಸ್?"

ಸಂಜೆ ಬೇಲಿಯಾಚೆ ಜೂಡಿ ಗಿಡಕ್ಕೆ ನೀರು ಬಿಡುತ್ತಿದ್ದರು. ಚಪ್ಪಲಿಯನ್ನೂ ಹಾಕದೆ ಓಡಿದೆ.

"ಗ್ರೆಗ್ ಫೋನ್ ಮಾಡಿದ್ದ" ಎಂದರು. ಇಳಿದು ಫೋನ್ ಆನ್ ಮಾಡಿದ ಕೂಡಲೇ ನನ್ನ ಮೆಸೇಜು. ಬೂಟು ಹೊರತೆಗೆಯುವ ಮೊದಲೇ ಅದನ್ನು ಆಫೀಸರಮ್ಮನಿಗೆ ತೋರಿಸಿದರಂತೆ. ಬಂದೂಕಿಗೆ ಹತ್ತು ನಿಮಿಷ, ಬೂಟಿಗೆ ನಲವತ್ತು. ಆಕೆ ಚಿಮಟದಿಂದ ಹನ್ನೊಂದು ಕಾಳು ಹೆಕ್ಕಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಮೆಸೇಜನ್ನು ಇನ್ನೊಮ್ಮೆ ಓದಿ, "ಮೊದಲೇ ಹೇಳಿದ್ದು ಒಳ್ಳೇದಾಯ್ತು, ಹೊರಡಿ" ಎಂದಳಂತೆ.

"ಕೆನ್?"

"ಹೊರಗೇ ಕಾಯ್ತಿದ್ದ. ಗ್ರೆಗ್ ಮುಖ ಕಾಣಿಸ್ತಂತೆ ಅವನಿಗೆ. ನಾಳೆ ಬೆಳಿಗ್ಗೆ ಇಬ್ರೂ ಬೆಟ್ಟಕ್ಕೆ."

ನಾನು ಬೇಲಿ ಹಿಡಿದುಕೊಂಡೇ ಉಸಿರು ಬಿಟ್ಟೆ. ಜೂಡಿ ಪೈಪನ್ನು ಇನ್ನೊಂದು ಪಾತಿಗೆ ತಿರುಗಿಸುತ್ತಾ, ನನ್ನತ್ತ ನೋಡದೆಯೇ ಕೇಳಿದರು:

"ಸರಿ, ಬಂದೂಕಿಗೆ ನೀನು ಅಕ್ಕಿ ಹಾಕಿದೆ. ಜಿಂಕೆಗೆ ಯಾರು ಹಾಕ್ತಾರೆ?"