ಬಲೆಯೇ ಇಲ್ಲದ ವಿಡಿಯೊ

ಮನೆಗೊಂದೇ ಫೋನು ಇದ್ದ ಕಾಲ ಅದು. ಆ ಒಂದು ಫೋನೂ ಅಪ್ಪನ ಅಂಗಿಯ ಕಿಸೆಯಲ್ಲಿ ಸಮುದ್ರಕ್ಕೆ ಹೋಗಿ, ಮೀನಿನ ವಾಸನೆ ಹೊತ್ತುಕೊಂಡು ಸಂಜೆ ತಿರುಗಿ ಬರುತ್ತಿತ್ತು. ಅದರಲ್ಲಿ ತೆಗೆದ ಫೋಟೊದಲ್ಲಿ ನಿಂತವರು ಮನುಷ್ಯರೋ ತೆಂಗಿನ ಮರಗಳೋ ತಿಳಿಯುತ್ತಿರಲಿಲ್ಲ. ಆದರೂ ನಾವು ಸಾಲಾಗಿ ನಿಂತು, ಹಲ್ಲು ಕಿರಿದು, ತೆಗೆಸಿಕೊಳ್ಳುತ್ತಿದ್ದೆವು. ನನ್ನ ವಯಸ್ಸಿನ, ನಮ್ಮ ಕಡೆಯ ಶಾಲೆಗಳಲ್ಲಿ ಕಲಿತ ಯಾರನ್ನು ಕೇಳಿದರೂ ಇಂಥದ್ದೊಂದು ಫೋಟೊ ನೆನಪಿದ್ದೀತು.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷದ ದಸರಾ ರಜೆಯ ಬಗ್ಗೆ ಹೇಳಹೊರಟಿದ್ದೇನೆ. ಆ ರಜೆ ಅಂದಕೂಡಲೇ ಬೇರೆಯವರಿಗೆ ಹಬ್ಬ, ಕಡುಬು, ಅಜ್ಜಿಮನೆ ನೆನಪಾಗಬಹುದು. ನನಗೆ ಮೊದಲು ನೆನಪಾಗುವುದು ಹೊಟ್ಟೆಕಿಚ್ಚು.

ಮಂಕಿಯ ಕಡಲ ದಂಡೆಯಲ್ಲಿ ನಮ್ಮ ಮನೆ. ಅಂಗಳಕ್ಕಿಳಿದರೆ ಮರಳು, ಮರಳು ಮುಗಿದರೆ ನೀರು. ಅಮ್ಮನ ತಂದೆ, ನನ್ನ ಅಜ್ಜ, ಅಲ್ಲಿಯ ಏಂಡಿ ಬಲೆಯ ತಂಡೇಲ. ದೋಣಿಯವರು ಬಲೆಯನ್ನು ಕಡಲಲ್ಲಿ ಅರ್ಧ ಚಂದ್ರನ ಹಾಗೆ ಬಿಟ್ಟುಬಂದು, ಎರಡು ತುದಿಯ ಹಗ್ಗವನ್ನು ದಡಕ್ಕೆ ಕೊಡುತ್ತಾರೆ. ದಡದಲ್ಲಿದ್ದವರು ಎರಡು ಸಾಲಾಗಿ ನಿಂತು ಎಳೆಯುತ್ತಾರೆ. ಯಾವಾಗ ಬಿಡಬೇಕು, ಯಾವ ಕಡೆ ಬಿಗಿ ಹಿಡಿಯಬೇಕು ಎಂದು ಕೂಗಿ ಹೇಳುವವನು ತಂಡೇಲ. ಆ ಎಳೆತಕ್ಕೊಂದು ಹಾಡಿತ್ತು. ಅಜ್ಜ ಒಂದು ಸಾಲು ಹೇಳಿದರೆ ಉಳಿದವರೆಲ್ಲ ‘ಐಸಾ’ ಎಂದು ಜಗ್ಗುತ್ತಿದ್ದರು.

ರಜೆಗೆ ಮೊದಲು ನಮ್ಮ ಸಂಗೀತದ ಅಕ್ಕೋರು ತರಗತಿಗೆ ಬಂದು, ಮಕ್ಕಳ ಸ್ಪರ್ಧೆಯೊಂದಿದೆ, ನಿಮ್ಮೂರಿನ ಹಾಡೊಂದನ್ನು ಹುಡುಕಿ ಅದಕ್ಕೆ ನೀವೇ ವಿಡಿಯೊ ಮಾಡಿ ಕೊಡಬೇಕು ಎಂದರು. ನಾನು ಬೆಂಚು ಒದ್ದುಕೊಂಡೇ ಎದ್ದೆ.

“ಅಕ್ಕೋರೆ, ನಮ್ಮಲ್ಲಿ ಬಲೆ ಎಳೆಯೂ ಹಾಡು ಇದೆ. ನನ್ನಜ್ಜಂದೇ.”

ಅಕ್ಕೋರಿಗೆ ಖುಷಿಯಾಯಿತು. “ಚಲೋ ಆತು. ವಿಡಿಯೊ ಬರೂ ಫೋನು ಯಾರ ಮನೇಲಿದೆ?”

ಅನಘಾ ಕೈ ಎತ್ತಿದಳು. ಅವಳು ಆ ವರ್ಷವೇ ಹೊಸದಾಗಿ ಸೇರಿದವಳು. ಅವಳಪ್ಪನಿಗೆ ಕುಮಟೆಯಿಂದ ಮುರ್ಡೇಶ್ವರದ ಬ್ಯಾಂಕಿಗೆ ವರ್ಗವಾಗಿತ್ತು. ಎರಡು ಜಡೆ, ಬೆಳ್ಳಗಿನ ಕಾಲುಚೀಲ, ಸಂಗೀತ ಪಾಠ ಆದ ಗಂಟಲು. ಇಷ್ಟು ಸಾಲದು ಅಂತ ಅಪ್ಪನ ದೊಡ್ಡ ಫೋನು ಬೇರೆ.

“ಹಾಗಾದ್ರೆ ಅನಘಾ ನಿರ್ದೇಶಕಿ. ಪವಿತ್ರಾ, ನೀನು ಅವಳಿಗೆ ನಿಮ್ಮೂರು ತೋರ್ಸು,” ಎಂದು ಅಕ್ಕೋರು ಮುಗಿಸಿಬಿಟ್ಟರು.

ಹಾಡು ನನ್ನದು, ಅಜ್ಜ ನನ್ನವನು, ಕಡಲು ನಮ್ಮ ಅಂಗಳದ್ದು. ನಾನು ಊರು ತೋರಿಸುವವಳು! ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಕನ್ನಡ ಪಾಠದಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಅವತ್ತು ಆಯಿತು.

ಆದರೂ ನಾನು ಬಿಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ವಿಡಿಯೊದ ಒಂದೊಂದು ದೃಶ್ಯವನ್ನೂ ಪೆನ್ಸಿಲಿನಿಂದ ಬರೆಯುತ್ತ ಹೋದೆ. ಮೊದಲು ನೀರಿನಿಂದ ಹೊರಬರುವ ಹಗ್ಗ. ಆಮೇಲೆ ಅಜ್ಜನ ಕೈ. ಆಮೇಲೆ ಮರಳಿನಲ್ಲಿ ಊರಿದ ಹಿಮ್ಮಡಿಗಳು. ಸೂರ್ಯ ಯಾವಾಗ ಎಲ್ಲಿರುತ್ತಾನೆ, ಯಾರ ಮುಖದ ಮೇಲೆ ಬಿಸಿಲು ಬೀಳುತ್ತದೆ ಎಂದು ದಂಡೆಯ ಮೇಲೆ ಕೂತು ನೋಡಿ ನೋಡಿ ಮುಖ ಸುಟ್ಟುಕೊಂಡೆ. ಕೊನೆಯ ದೃಶ್ಯ ಬಲೆಯದು: ದಡಕ್ಕೆ ಬಂದ ಬಲೆಯಲ್ಲಿ ಬಂಗಡೆಗಳು ಬೆಳ್ಳಿಯ ಹಾಗೆ ಹೊಳೆಯುತ್ತ ಕುಣಿಯಬೇಕು. ಅದಕ್ಕೆ ಎರಡು ಹಾಳೆ ಅಂಟಿಸಿದ್ದೆ. ಆ ದೃಶ್ಯವನ್ನು ನಾನೇ ತೆಗೆಯಬೇಕು, ನನ್ನ ಕೈಯಲ್ಲೇ ಫೋನು ಇರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅನಘಾ ದಿನಾ ಬೆಳಿಗ್ಗೆ ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದಳು. ಕೈಯಲ್ಲಿ ಬಿಸ್ಕಿಟಿನ ಡಬ್ಬಿ, ಡಬ್ಬಿಯೊಳಗೆ ಅವಳ ಅಮ್ಮ, ಅವಳ ಬಾಯಲ್ಲಿ ಆಯಿ, ಮಾಡಿಕೊಟ್ಟ ತೊಡದೇವು. ಕಾಗದದಷ್ಟು ತೆಳ್ಳಗೆ, ಬಾಯಲ್ಲಿಟ್ಟರೆ ಕಬ್ಬಿನ ಹಾಲಿನ ಪರಿಮಳ. ಅದನ್ನು ತಿನ್ನುತ್ತ ತಿನ್ನುತ್ತಲೇ ನಾನು ಅವಳ ಮೇಲೆ ಉರಿಯುತ್ತಿದ್ದೆ. ನಮ್ಮನೆಯಲ್ಲಿ ಡಬ್ಬಿಯಲ್ಲಿ ಹಾಕಿಕೊಡುವಂಥದ್ದು ಒಣಮೀನು ಮಾತ್ರ. ಅವರು ಮೀನು ಮುಟ್ಟುವವರಲ್ಲ.

ಎಲ್ಲಕ್ಕಿಂತ ಉರಿಸಿದ್ದು ಅಜ್ಜ. ಮನೆಯಲ್ಲಿ ಅವನು ಮಾತೇ ಆಡುವವನಲ್ಲ. ಊಟಕ್ಕೆ ಕರೆದರೆ ಹೂಂ, ಸಾಕು ಅಂದರೆ ಹೂಂಹೂಂ. ಅಂಥವನು ಎರಡನೇ ದಿನಕ್ಕೇ ಅವಳನ್ನು ‘ಡೈರೆಕ್ಟ್ರಮ್ಮ’ ಎಂದು ಕರೆಯತೊಡಗಿದ. ಅವಳು ದೋಣಿಯ ನೆರಳಲ್ಲಿ ಅವನ ಪಕ್ಕ ಕೂತು, “ಮೀನು ಬಂದದ್ದು ಹ್ಯಾಂಗೆ ಗೊತ್ತಾಗ್ತದೆ ಅಜ್ಜ? ಹಗ್ಗ ಎಂತದ್ರಿಂದ ಮಾಡ್ತಿದ್ರಿ ಅಜ್ಜ?” ಎಂದು ಕೇಳಿದ್ದೇ ಕೇಳಿದ್ದು. ಅಜ್ಜ ಹೇಳಿದ್ದೇ ಹೇಳಿದ್ದು. ನೀರಿನ ಮೇಲೆ ಮೋಡದ ನೆರಳು ಬಿದ್ದ ಹಾಗೆ ಕಪ್ಪಾಗಬೇಕಂತೆ, ಹಕ್ಕಿ ಮುಗಿಬೀಳಬೇಕಂತೆ. ಒಂದು ಸಲ ಹಾಡಿನ ನಾಲ್ಕು ಸಾಲನ್ನೂ ಹೇಳಿಕೊಟ್ಟ:

“ಕಡಲಿನ ಮಗಳು — ಐಸಾ,
ತವರನು ಬಿಟ್ಟು — ಐಸಾ,
ನಮ್ಮನೆ ಬಾಗ್ಲಿಗೆ — ಐಸಾ,
ಬೆಳ್ಳಿಯನುಟ್ಟು — ಐಸಾ.”

ಹುಟ್ಟಿದಾಗಿನಿಂದ ಆ ದಂಡೆಯ ಮೇಲಿದ್ದೆ. ‘ಬೆಳ್ಳಿಯನುಟ್ಟು’ ಎನ್ನುವುದನ್ನು ಯಾವತ್ತೂ ಬಿಡಿಸಿ ಕೇಳಿರಲಿಲ್ಲ. ನನಗೆ ಅಳುವೇ ಬಂತು.

“ನಂಗೆ ಇದನ್ನು ಎಂತಕ್ಕೆ ಹೇಳಿಕೊಡ್ಲಿಲ್ಲ ಅಜ್ಜ?”

“ನೀ ಯಾವತ್ತು ಕೇಳಿದ್ಯೆ?” ಎಂದ ಅಜ್ಜ, ಬೀಡಿ ಹಚ್ಚಿಕೊಳ್ಳುತ್ತ.

ಮೀನು ಬರಲಿಲ್ಲ. ಕಡಲಿಗೆ ನಮ್ಮ ರಜೆಯ ಲೆಕ್ಕ ಗೊತ್ತಿಲ್ಲವಲ್ಲ. ಕಾಯುತ್ತ ಬೇರೆ ದೃಶ್ಯಗಳನ್ನು ತೆಗೆದೆವು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಇಬ್ಬರದೂ ಎಳೆದಾಟ. ಅವಳಿಗೆ ರೈಲು ಬೇಕಂತೆ. “ಬಲೆ ಹಾಡಿಗೆ ರೈಲು ಎಂತಕ್ಕೆ?” ಎಂದು ನಾನು ಸಿಡುಕಿದೆ. “ನಿಮ್ಮ ಮೀನು ಊರೂರಿಗೆ ಹೋಗ್ತಲ್ಲೆ ಪವಿ, ಆ ರೈಲನ್ನು ನೋಡಿದ್ರೆ ದೂರ ಅನ್ನೂದು ಕಾಣ್ತದೆ,” ಎಂದಳು. ಒಳ್ಳೆಯ ಯೋಚನೆಯಾಗಿತ್ತು. ಒಳ್ಳೆಯದಾಗಿತ್ತು ಎನ್ನುವುದೇ ನನ್ನ ಸಂಕಟ. ಮುರ್ಡೇಶ್ವರ ಸ್ಟೇಷನ್ನಿನಲ್ಲಿ ರೈಲು ತೆಗೆದದ್ದೂ ಅವಳೇ. ನಾನು ಡಬ್ಬಿ ಹಿಡಿದು ನಿಂತಿದ್ದೆ. ಒಮ್ಮೆಯೂ ಫೋನು ಕೊಡು ಎಂದು ಕೇಳಲಿಲ್ಲ. ಕೇಳಿ ಪಡೆದರೆ ಅದೆಂಥ ಮರ್ಯಾದೆ ಎನ್ನುವ ಹಮ್ಮು.

ರಜೆ ಮುಗಿಯುವ ಮುನ್ನಾದಿನ ಬೆಳಿಗ್ಗೆ ಗಂಜಿಯ ಬಟ್ಟಲು ಕೈಯಲ್ಲಿದ್ದಾಗಲೇ ದಂಡೆಯಿಂದ ಕೂಗು ಬಂತು. ಓಡಿಹೋಗಿ ನೋಡಿದರೆ ನೀರು ಕಪ್ಪಾಗಿತ್ತು. ಹಕ್ಕಿಗಳು ಕಲ್ಲು ಬಿದ್ದ ಹಾಗೆ ಬೀಳುತ್ತಿದ್ದವು. ದೋಣಿ ಆಗಲೇ ಹೊರಟಿತ್ತು. ಸ್ಕೂಟರಿನಿಂದ ಇಳಿದ ಅನಘಾ ಚಪ್ಪಲಿ ಕಳಚಿ ಓಡಿಬಂದಳು. ನಾನು ಹಾಳೆಗಳನ್ನು ಮರಳಿನ ಮೇಲೆ ಹರವಿ, ಅವಳು ಎಲ್ಲಿ ನಿಂತು ಏನನ್ನು ತೆಗೆಯಬೇಕೆಂದು ತೋರಿಸತೊಡಗಿದೆ. ಅವಳು ಒಂದು ಗಳಿಗೆ ನೋಡಿದಳು. ಫೋನನ್ನು ನನ್ನ ಕೈಯಲ್ಲಿಟ್ಟಳು.

“ನೀನೇ ತೆಗಿ. ನಿಂಗೆ ಎಲ್ಲ ಬಾಯಿಪಾಠ ಇದ್ದು. ನಾನು ಹಗ್ಗ ಹಿಡಿದು ಹಾಡ್ತೆ.”

ಅಷ್ಟು ಸಲೀಸಾಗಿ ಕೊಟ್ಟುಬಿಟ್ಟಳು! ಇಷ್ಟು ದಿನ ನಾನು ಯಾವುದಕ್ಕೆ ಒಳಗೊಳಗೇ ಸತ್ತಿದ್ದೆನೋ ಅದನ್ನು ನೀರು ಕೊಟ್ಟ ಹಾಗೆ ಕೊಟ್ಟಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು ಎಂದರೆ ನೀವು ನಗಬಹುದು. ಆದರೆ ಫೋನನ್ನು ಮಾತ್ರ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ.

ನಮ್ಮ ದಂಡೆಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಹಗ್ಗ ದಡಕ್ಕೆ ಬಂದ ಮೇಲೆ ಅಲ್ಲಿ ನೋಡುಗರು ಅಂತ ಯಾರೂ ಇರುವಂತಿಲ್ಲ. ದಾರಿಹೋಕನಿರಲಿ, ನೆಂಟನಿರಲಿ, ನಿಂತವನು ಕೈ ಹಾಕಬೇಕು. ಹಗ್ಗ ಮುಟ್ಟಿದವನಿಗೆ ಪಾಲು, ಮುಟ್ಟಿದ ಮೇಲೆ ಪಾಲು ಬೇಡ ಎನ್ನುವಂತಿಲ್ಲ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ನಡೆಯಲು ಕಲಿತ ಹಾಗೆ ಕಲಿತದ್ದು.

ಹಗ್ಗ ಬಂತು, ತೆಗೆದೆ. ಅಜ್ಜನ ಕೈ ತೆಗೆದೆ. ಅಮ್ಮನ ಹಿಮ್ಮಡಿ ಮರಳಲ್ಲಿ ಹೂತದ್ದನ್ನು ತೆಗೆದೆ. ಹಾಡು ಏರುತ್ತಿತ್ತು, ಅನಘಾಳ ದನಿ ಎಲ್ಲರ ದನಿಯ ಮೇಲೆ ತೇಲುತ್ತಿತ್ತು. ಇನ್ನು ಬಲೆ ಬರುವುದೊಂದೇ ಬಾಕಿ. ಆಗ ಎಳೆತ ನಿಂತುಹೋಯಿತು. ಬಲೆ ಎಷ್ಟು ಭಾರವಾಗಿತ್ತೆಂದರೆ ತೆರೆ ಹಿಂದೆ ಸರಿದಾಗ ಇಡೀ ಸಾಲೇ ನೀರಿನ ಕಡೆ ಜಾರತೊಡಗಿತು. ಅಮ್ಮ ಮಂಡಿಯೂರಿ ಬಿದ್ದಳು.

“ಕೈ ಸಾಲೂದಿಲ್ಲಾ!” ಅಜ್ಜ ಗಂಟಲು ಹರಿಯುವಂತೆ ಕೂಗಿದ. “ಯಾರದು ಅಲ್ಲಿ ನಿಂತು ನೋಡೂದು? ಪವೀ!”

ಆಮೇಲೆ ನನಗೆ ತಿಳಿದದ್ದು, ನನ್ನ ಅಂಗೈಯಲ್ಲಿ ಒದ್ದೆ ಹಗ್ಗ ಸುಡುತ್ತಿದೆ ಎನ್ನುವುದು. ಫೋನು ಎಲ್ಲಿ ಹೋಯಿತು, ನಾನು ಯಾವಾಗ ಓಡಿದೆ, ಒಂದೂ ಗೊತ್ತಿಲ್ಲ. ನನ್ನ ಮುಂದೆ ಅನಘಾಳ ಎರಡು ಜಡೆ, ಅವಳ ಮುಂದೆ ಅಮ್ಮ. “ಐಸಾ!” ಎಂದು ಕೂಗುತ್ತ ಹಿಂದಕ್ಕೆ ಒರಗಿದೆವು. ಕಾಲಡಿಯ ಮರಳು ಜಾರಿತು, ಮತ್ತೆ ಊರಿದೆವು, ಮತ್ತೆ ಎಳೆದೆವು. ಬಲೆ ಬಂತು. ನಾನು ಬರೆದ ಚಿತ್ರದಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಳ್ಳಿ ಅದರಲ್ಲಿತ್ತು. ಬಂಗಡೆಗಳ ಪಟಪಟ ಸದ್ದಿಗೆ ಹಾಡೂ ಕೇಳಿಸುತ್ತಿರಲಿಲ್ಲ.

ಅದನ್ನು ಯಾರೂ ತೆಗೆಯಲಿಲ್ಲ.

ಫೋನು ಮರಳಿನಲ್ಲಿ ಮಕಾಡೆ ಬಿದ್ದಿತ್ತು. ಅದರೊಳಗೆ ಇದ್ದದ್ದು ಹಗ್ಗ, ಕೈ, ಹಿಮ್ಮಡಿ, ಆಮೇಲೆ ಗಿರ್ರನೆ ತಿರುಗಿದ ಆಕಾಶ. ಅಷ್ಟೇ. ಅನಘಾ ಕೂಗಾಡಲಿ ಎಂದು ನಾನು ಕಾದೆ. ಕೂಗಾಡಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು. ಅವಳು ಸುಲಿದುಹೋದ ಅಂಗೈಗಳನ್ನು ಫ್ರಾಕಿಗೆ ಒರೆಸಿಕೊಂಡು, ಆಕಾಶವನ್ನು ಮತ್ತೊಮ್ಮೆ ಹಾಕಿ ನೋಡಿ, ಬಿದ್ದು ಬಿದ್ದು ನಕ್ಕಳು. ಆ ನಗುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವಳ ಜಾಗದಲ್ಲಿ ನಾನಿದ್ದರೆ ನಗುವುದು ಹಾಗಿರಲಿ, ವರ್ಷವಿಡೀ ಮಾತು ಬಿಡುತ್ತಿದ್ದೆ.

ಪಾಲು ಹಂಚುವಾಗ ಅಜ್ಜ ಅವಳ ಮುಂದೆಯೂ ಬಂಗಡೆಯ ರಾಶಿಯೊಂದನ್ನು ಇಟ್ಟ. ದಂಡೆಯವರೆಲ್ಲ ಅವಳತ್ತ ತಿರುಗಿದರು. ಅವರ ಮನೆಗೆ ಮೀನು ಹೊತ್ತು ಹೋಗುವುದುಂಟೇ?

ಅಮ್ಮ ಮೆಲ್ಲಗೆ ಹೇಳಿದಳು, “ಅಪ್ಪಾ, ಅವ್ರು ಭಟ್ರ ಮನೆಯವ್ರು. ಪಾಪ, ಅವಳು ಎಂತ ಮಾಡೂಕು?”

“ಹಗ್ಗ ಮುಟ್ಟಿದಾಳಲ್ಲ. ಪಾಲು ತಪ್ಸೂಕೆ ನಾನ್ಯಾರು?”

ಅನಘಾ ಕೆಂಪಾದ ಮುಖದಲ್ಲಿ ಆ ರಾಶಿಯನ್ನೇ ನೋಡುತ್ತ ನಿಂತಳು. ಆಮೇಲೆ ಬಗ್ಗಿ, ಜೀವಮಾನದಲ್ಲಿ ಮೊದಲ ಸಲ ಮೀನನ್ನು ಎರಡೂ ಕೈಯಲ್ಲಿ ಬಾಚಿ, ನನ್ನ ಲಂಗದ ಮಡಿಲಿಗೆ ಹಾಕಿದಳು. “ನಂದು ಆತು ಅಜ್ಜ. ನನ್ನ ಪಾಲು ಪವಿ ಉಣ್ಲಿ.” ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. “ಇಲ್ಲೆ ಆಯೀ, ಎಂತೂ ಆಯ್ದಿಲ್ಲೆ. ಈಗ ಬತ್ತೆ,” ಎಂದವಳು ಮೀನಿನ ವಾಸನೆಯ ಕೈಯನ್ನು ಮೂಗಿನ ಹತ್ತಿರ ತಂದು ಮುಖ ಸಿಂಡರಿಸಿದಳು. ದಂಡೆಗೆ ದಂಡೆಯೇ ನಕ್ಕಿತು.

ಆ ಮಧ್ಯಾಹ್ನ ಅಮ್ಮ ಎರಡೂ ಪಾಲಿನ ಬಂಗಡೆ ಸಾರು ಮಾಡಿದಳು, ಮುರುಗಲ ಸಿಪ್ಪೆಯ ಹುಳಿ ಹಾಕಿ. ಉಣ್ಣುವಷ್ಟು ಹೊತ್ತೂ ಮನೆಯಲ್ಲಿ ಅನಘಾಳದೇ ಗುಣಗಾನ. ನಾನು ಉರಿಯುತ್ತಲೇ ಉಂಡೆ. ಅವಳ ಪಾಲು ಯಾವುದು, ನನ್ನದು ಯಾವುದು, ಸಾರಿನಲ್ಲಿ ಗೊತ್ತಾಗಲಿಲ್ಲ. ಅಷ್ಟು ರುಚಿಯ ಸಾರು ಮತ್ತೆ ಉಂಡ ನೆನಪಿಲ್ಲ.

ವಿಡಿಯೊ ಕಳಿಸಿದೆವು. ರೈಲಿತ್ತು, ದೋಣಿಯಿತ್ತು, ಹಾಡಿತ್ತು. ಅಕ್ಕೋರು ಕೊನೆಯವರೆಗೂ ನೋಡಿ, “ಎಲ್ಲ ಸರಿ, ಬಲೆ ಎಲ್ಲಿ?” ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ನನಗೆ ಗೊತ್ತಿರುವಂತೆ ಅವಳ ಜೊತೆ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು. ಬಹುಮಾನ ಬರಲಿಲ್ಲ. ಮುಂದಿನ ಜೂನಿನಲ್ಲಿ ಅವಳಪ್ಪನಿಗೆ ಮತ್ತೆ ವರ್ಗವಾಯಿತು.

ಈಗ ನಾನು ಹೊನ್ನಾವರದಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತೇನೆ. ಆಗ ಅನಘಾಳ ಹತ್ತಿರ ಇದ್ದದ್ದೆಲ್ಲ ಈಗ ನನ್ನಲ್ಲಿದೆ, ಮೇಲೆ ಹಾರುವ ಕ್ಯಾಮೆರಾವೂ ಇದೆ. ಅಜ್ಜ ಇಲ್ಲ. ಅವನ ಬಲೆ ಅಟ್ಟದ ಮೇಲಿದೆ. ನಮ್ಮ ದಂಡೆಯ ಅರ್ಧಕ್ಕೆ ತೆರೆ ತಡೆಯುವ ಕಲ್ಲು ಸುರಿದಿದ್ದಾರೆ. ಮೀನು ದಡದವರೆಗೆ ಬರುವ ಮೊದಲೇ ದೊಡ್ಡ ದೋಣಿಗಳು ಬಾಚಿಕೊಳ್ಳುತ್ತವೆ.

ಹೋದ ಚಳಿಗಾಲದಲ್ಲಿ ಮದುವೆಯಾಗಲಿದ್ದ ಜೋಡಿಯೊಂದು ತಮ್ಮ ಹಾಡಿನ ವಿಡಿಯೊದ ಹಿಂದೆ ಬಲೆ ಎಳೆಯುವವರು ಬೇಕು ಎಂದಿತು. ನಾನು ಅಜ್ಜನ ಬಲೆಯನ್ನೇ ಇಳಿಸಿದೆ. ಕೂಲಿ ಕೊಟ್ಟು ಜನ ಕರೆಸಿದೆ. ಖಾಲಿ ಬಲೆ ಬಿಟ್ಟು, ಖಾಲಿ ಬಲೆ ಎಳೆಸಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದ ಒಂದೊಂದು ದೃಶ್ಯವೂ ಸಿಕ್ಕಿತು: ಹಗ್ಗ, ಕೈ, ಹಿಮ್ಮಡಿ, ಕೊನೆಗೆ ಬಲೆ. ದಂಡೆಯ ಮೇಲೆ ಜಾತ್ರೆಯಷ್ಟು ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ತೆಗೆಯುತ್ತಿದ್ದರು. ಹಗ್ಗದ ಹತ್ತಿರ ಒಬ್ಬರೂ ಬರಲಿಲ್ಲ. ಯಾರೂ ನನ್ನ ಹೆಸರು ಹಿಡಿದು ಕೂಗಲೂ ಇಲ್ಲ. ನಾನೂ ನನ್ನ ಕ್ಯಾಮೆರಾವನ್ನು ಕೊನೆಯವರೆಗೆ ಕೆಳಗಿಡಲಿಲ್ಲ.

ಅನಘಾಳ ಮೇಲೆ ಆ ರಜೆಯಲ್ಲಿ ಪಟ್ಟ ಹೊಟ್ಟೆಕಿಚ್ಚನ್ನೆಲ್ಲ ಒಟ್ಟುಗೂಡಿಸಿದರೂ, ಅಜ್ಜನ ಒಂದು ಕೂಗಿಗೆ ಫೋನನ್ನು ಮರಳಿಗೆ ಎಸೆದು ಓಡಿದ ಆ ಪವಿಯ ಮೇಲೆ ಇವತ್ತು ಆಗುವಷ್ಟು ಇಲ್ಲ.