ಹ್ಯಾಂಡಲಿಗೆ ಎಣ್ಣೆ ಬಿಟ್ಟವಳು

ಸುವರ್ಣಾ, ಆ ಗೇಮಿನ ಪೆಟ್ಟಿಗೆಯ ಹ್ಯಾಂಡಲಿಗೆ ಎಣ್ಣೆ ಬಿಟ್ಟವಳು ನಾನು. ನೀನಲ್ಲ. ನೀನೇ ಬಿಟ್ಟು ಮರೆತಿದ್ದೀ ಎಂದು ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಒಂದೇ ಮನೆಯಲ್ಲಿದ್ದು ಅತ್ತೆ ಸೊಸೆಗೆ ಕಾಗದ ಬರೆಯುವುದೇನು ಎಂದು ನಗುವವರು ನಗಲಿ. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ದೊಡ್ಡ ದೊಡ್ಡವು ಬರುತ್ತವೆ, ಸಾಲು ಓರೆ ಹೋಗುತ್ತದೆ. ಆದರೆ ಬಾಯಿಂದ ಹೇಳಲು ಹೋದರೆ ನಾನು ನಡುವೆಯೇ ಜಗಳ ತೆಗೆಯುತ್ತೇನೆ. ತಪ್ಪು ನನ್ನದೇ ಆದಾಗ ನನ್ನ ದನಿ ಇನ್ನಷ್ಟು ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಕ್ಕೇರಿಯ ಈ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಮಗ ಬಸು, ಹುಡುಗರು ರೊಕ್ಕ ಕೊಟ್ಟು ಆಡಲೆಂದು ವಿಡಿಯೋ ಗೇಮ್ ಇಟ್ಟ ಕಾಲ. ಒಂದು ಹಳೆಯ ಟಿವಿ, ಅದರ ಮುಂದೆ ಪ್ಲೈವುಡ್ಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಆರು ಬಟನ್ನು, ಒಂದು ಹ್ಯಾಂಡಲ್. ಬಸು ಅದಕ್ಕೆ ಜಾಯ್‌ಸ್ಟಿಕ್ ಅನ್ನುತ್ತಿದ್ದ. ನಾಲಿಗೆ ಹೊರಳದ ನಾವೆಲ್ಲ ಹ್ಯಾಂಡಲ್ ಅಂದೆವು. ಅವನು ಟೆಂಪೋ ಹೊಡೆಯಲು ಹೋದಮೇಲೆ ಅಂಗಡಿ ನೋಡುವವಳು ನೀನು. ಪೆಟ್ಟಿಗೆ ಅಗ್ಗದ್ದು. ಹುಡುಗರು ಹ್ಯಾಂಡಲನ್ನು ಎತ್ತಿನ ಮೂಗುದಾರದ ಹಾಗೆ ಜಗ್ಗುತ್ತಿದ್ದರು. ವರ್ಷ ತುಂಬುವುದರೊಳಗೆ ಅದು ಸಡಿಲಾಯಿತು. ಎಡಕ್ಕೆ ಒತ್ತಿದರೆ ಪರದೆಯ ಮೇಲಿನ ಮನುಷ್ಯ ನಿಂತಲ್ಲೇ ನಿಲ್ಲುತ್ತಿದ್ದ.

ಬಸು ಪೆಟ್ಟಿಗೆಯನ್ನು ಗೋಕಾಕಕ್ಕೆ ಒಯ್ಯುವವನಿದ್ದ. ನೀನು ಬೇಡ ಅಂದಿ. ಮೂಡಲಗಿಯಲ್ಲಿ ನಿನ್ನ ಅಪ್ಪ ರೇಡಿಯೋ ರಿಪೇರಿ ಮಾಡುವಾಗ ಬಾಜೂಕ್ಕೆ ಕೂತು ವಾಯರ್ ಬೆಸೆಯುವುದನ್ನು ಕಲಿತಿದ್ದಿ— ನಮ್ಮ ಮನೆಗೆ ಬಂದು ಆರು ವರ್ಷವಾದರೂ ಅದನ್ನು ನಾವು ಯಾರೂ ಕೇಳಿರಲಿಲ್ಲ, ನೀನೂ ಹೇಳಿರಲಿಲ್ಲ. ಬಸ್ಸಿಗೆ ಹೋಗಿ ಗೋಕಾಕದ ರೇಡಿಯೋ ಅಂಗಡಿಯಿಂದ ಹೊಸ ಹ್ಯಾಂಡಲ್ ತಂದಿ. ಪೆಟ್ಟಿಗೆ ಬೋರಲು ಹಾಕಿ, ತಳದ ಸ್ಕ್ರೂ ಬಿಚ್ಚಿ, ಯಾವ ವಾಯರ್ ಎಲ್ಲಿಯದೆಂದು ಗುರುತಿಗೆ ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದಿ. ಹ್ಯಾಂಡಲಿನ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಸಣ್ಣ ಸ್ವಿಚ್ಚು.

"ಅತ್ತಿ, ಇಲ್ಲಿ ಕಿವಿ ಕೊಡ್ರಿ. ನಾಕೂ ದಿಕ್ಕಿಗಿ ಟಿಕ್ ಅಂದ್ರ ಕೆಲಸಾ ಮುಗೀತು."

"ಜ್ವಾಳಾ ಹಸನ ಮಾಡೂದ ಬಿಟ್ಟು ಇದನ್ನ ಕೇಳ್ಕೋತ ಕುಂದರ್ಲೇನ?" ಅಂದೆ. ಆದರೂ ಕೇಳಿದೆ. ನಾಲ್ಕೂ ಕಡೆ ಟಿಕ್ ಅಂದಿತು.

ಗೋಕಾಕದ ಆ ಅಂಗಡಿಯ ಕಾಕಾ ಬಸುವಿನ ಹತ್ತಿರ ಹೇಳಿ ಕಳಿಸಿದ್ದು ನಿನಗೆ ನೆನಪಿದ್ದೇ ಇರುತ್ತದೆ. "ದಸರಾ ಹಬ್ಬಾ ದಾಟೂತನಾ ಅದು ಚಲೋ ನಡೀತಂದ್ರ, ನನ್ನ ಕಡೆ ರಿಪೇರಿಗಿ ಬರೂ ಪೆಟ್ಟಿಗಿ ಎಲ್ಲಾ ನಿನ್ನ ಹೇಂತಿ ಕಡೆ ಕಳಸ್ತೇನಪಾ. ನನಗ ಈ ಸಣ್ಣ ವಾಯರ್ ಈಗ ಕಾಣೂದಿಲ್ಲ." ಬಸು ಅದನ್ನು ಹೇಳಿದಾಗ ನೀನು ಒಲೆಯ ಮುಂದಿದ್ದಿ. ತಿರುಗಿ ನೋಡಲಿಲ್ಲ. ಆದರೆ ಎಂದೂ ಹೊತ್ತಿಸದ ನೀನು ಅಂದು ಎರಡು ರೊಟ್ಟಿ ಹೊತ್ತಿಸಿದಿ.

ಹಬ್ಬದ ಮೊದಲ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ದುಡಿಯುವ ಸಾಮಾನನ್ನೆಲ್ಲ ಒರೆಸಿ, ಎಣ್ಣೆ ಮುಟ್ಟಿಸಿ, ವಿಭೂತಿ ಹಚ್ಚುವುದು ಮೊದಲಿನಿಂದ ನನ್ನ ಕೆಲಸ. ಕುಡಗೋಲು, ಕೊಡಲಿ, ಹೊಲಿಗೆ ಮಷೀನು, ಟೆಂಪೋ— ಆಮೇಲೆ ಪೆಟ್ಟಿಗೆಯ ಮುಂದೆ ಕೂತೆ. ನೀನು ಒಳಗೆ ಹೂರಣ ರುಬ್ಬುತ್ತಿದ್ದಿ. ಹ್ಯಾಂಡಲ್ ಆಡಿಸಿ ನೋಡಿದೆ, ಬಿಗಿ ಇತ್ತು. ಹಳೆಯದು ಬೆರಳು ತಾಗಿದರೆ ಆಡುತ್ತಿತ್ತು. ಹೊಸದು ಬಿಗಿಯಾಗಿಯೇ ಇರಬೇಕೆಂಬುದು ನನಗೇನು ಗೊತ್ತು? ಹೊಲಿಗೆ ಮಷೀನಿಗೆ ಬಿಟ್ಟ ಹಾಗೆ ಅದರ ಬುಡದ ಸಂದಿಗೆ ಕುಸುಬಿ ಎಣ್ಣೆ ಬಿಟ್ಟೆ. ಹನಿಯಲ್ಲ, ಒಂದು ಚಮಚೆ. ಮೇಲೆ ವಿಭೂತಿ ಕಲಸಿ ಮೂರು ಬೆರಳು ಎಳೆದೆ. ಅದರಲ್ಲೂ ಒಂದಿಷ್ಟು ಎಣ್ಣೆಯ ಜೊತೆ ಒಳಗೆ ಇಳಿಯಿತು.

ಇಲ್ಲಿಯವರೆಗಿನದು ತಿಳಿಯದೆ ಆದದ್ದು. ಇಷ್ಟೇ ಆಗಿದ್ದರೆ ಕಾಗದ ಬರೆಯುತ್ತಿರಲಿಲ್ಲ.

ಸಂಜೆ ಹುಡುಗರು ಬಂದರು. ಪರದೆಯ ಮನುಷ್ಯ ಎಡಕ್ಕೆ ಹೋಗಲೊಲ್ಲ. ಬಲಕ್ಕೆ ಹೊರಟವನು ನಿಲ್ಲಲೊಲ್ಲ. ನೀನು ಪೆಟ್ಟಿಗೆ ಬಿಚ್ಚಿದಿ. ಬೆರಳು ಒಳಗೆ ಹಾಕಿ ತೆಗೆದು ಮೂಸಿ ನೋಡಿದಿ. ಬಸು ಬಾಗಿಲಲ್ಲಿ ನಿಂತಿದ್ದ.

"ಅತ್ತಿ, ಇದಕ್ಕ ಯಾರರೆ ಎಣ್ಣಿ ಬಿಟ್ಟಾರೇನ್ರಿ?"

ಹೌದು ಅನ್ನಲು ಎಷ್ಟು ಹೊತ್ತು ಬೇಕು? ನಾನು—

"ಯಾರ ಬಿಡ್ತಾರ ಅದಕ್ಕ? ನೀನ ಬಿಟ್ಟಿರ್ತಿ, ಮರತಿರ್ತಿ. ಹೆಣ್ಮಕ್ಕಳ ಕೈಯಾಗಿನ ಕೆಲಸಲ್ಲ ಬಿಡ ಅದು."

ನೀನು ನನ್ನ ಮುಖ ನೋಡಿದಿ. ಆಮೇಲೆ ನಿನ್ನ ಕೈ ನೋಡಿಕೊಂಡಿ. ನಾನೆಂದು ನಿನಗೆ ಗೊತ್ತಾಯಿತೋ, ಇಲ್ಲ ನಿನ್ನ ಕೈಯ ಮೇಲೆಯೇ ನಿನಗೆ ಸಂಶಯ ಬಂತೋ— ಇಂದಿಗೂ ನನಗೆ ತಿಳಿದಿಲ್ಲ. ಎರಡನೆಯದಾಗಿದ್ದರೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ನನ್ನ ವಿಭೂತಿಯ ಗೆರೆ ಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇತ್ತು. ಆದರೂ ನನ್ನನ್ನು ಯಾರೂ ಕೇಳಲಿಲ್ಲ. ಮನೆಯ ಹಿರಿಯಳನ್ನು ಕೇಳುವವರು ಯಾರು?

ಹೆದರಿ ಸುಳ್ಳು ಹೇಳಿದೆ ಅಂದರೆ ಅದೂ ಸುಳ್ಳಾಗುತ್ತದೆ. ನನ್ನನ್ನು ಬೈಯುವವರು ಈ ಮನೆಯಲ್ಲಿ ಯಾರಿದ್ದರು? ಖರೆ ಅಂದರೆ, ನೀನು ಹ್ಯಾಂಡಲ್ ಕೂಡಿಸಿದ ಮೇಲೆ ಬಾಗಿಲಿಗೆ ಬಂದವರೆಲ್ಲ "ಸುವರ್ಣಕ್ಕ ಅದಾಳೇನ್ರಿ?" ಅನ್ನತೊಡಗಿದ್ದರು. ಒಬ್ಬಳು ಇಸ್ತ್ರಿ ಪೆಟ್ಟಿಗೆ ತಂದಳು, ಒಬ್ಬ ಟಾರ್ಚು ತಂದ. ಬಾಗಿಲಲ್ಲಿ ಕೂತವಳು ನಾನು. ನನ್ನ ತಲೆಯ ಮೇಲಿಂದ ನಿನ್ನನ್ನು ಕರೆಯುತ್ತಿದ್ದರು. ಅದು ನನಗೆ ಸೇರಲಿಲ್ಲ. ಹ್ಯಾಂಡಲ್ ಕೆಟ್ಟದ್ದು ನೋಡಿ ನನಗೆ ಒಳಗೆ ತಣ್ಣಗಾಯಿತು. ಇದನ್ನು ಬರೆಯಲು ನಾಚಿಕೆ— ಆದರೂ ಬರೆದೆ.

ಬಸು ಗೋಕಾಕಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಅಂದರೆ, ನಾನು ಹೇಳಿದ ಹಾಗೆ. ಕಾಕಾ ನಕ್ಕನಂತೆ. "ಸ್ವಿಚ್ಚಿಗಿ ಎಣ್ಣಿ ಬಿಡಾವ್ರ ಕೈಯಾಗ ಮಂದಿ ಸಾಮಾನ ಹೆಂಗ ಕೊಡ್ಲೋ ತಮ್ಮಾ?" ಪೆಟ್ಟಿಗೆಗಳು ಬರಲಿಲ್ಲ. ಓಣಿಯ ಹುಡುಗರು, "ಎಣ್ಣಿ ಸುವರ್ಣಕ್ಕಾ, ನನ್ನ ಸೈಕಲ್ಲಿಗೂ ಒಂಚೂರ ಬಿಡಬೇ" ಎಂದು ಚಾಷ್ಟಿ ಮಾಡಿದರು. ನೀನೂ ನಗುವ ಹಾಗೆ ಮಾಡಿದಿ. ನಾನು ನಿಜವಾಗಿಯೇ ನಕ್ಕೆ. ಮುಂದಿನ ಸಲ ತವರಿಗೆ ಹೋದಾಗ ಬೆಸೆಯುವ ಸಾಮಾನನ್ನು ಅರಿವೆಯಲ್ಲಿ ಕಟ್ಟಿ ಒಯ್ದಿ, ಬರುವಾಗ ತರಲಿಲ್ಲ. ನೋಡಿದೆ.

ಗೇಮ್ ಮುಚ್ಚಿ ಎಷ್ಟೋ ವರ್ಷವಾಯಿತು. ಇದನ್ನು ಹೀಗೇ ನುಂಗಿಕೊಂಡು ಹೋಗುತ್ತಿದ್ದೆನೋ ಏನೋ. ಹೋದ ವಾರ ನಿನ್ನ ಮಗಳು ಸವಿತಾ ಸಾಲಿಯಲ್ಲಿ ತೋರಿಸಲೆಂದು ಬ್ಯಾಟರಿಗೆ ಬಲ್ಬು ಕೂಡಿಸುತ್ತ ಕೂತಿದ್ದಳು.

"ಅವ್ವಾ, ಇದು ಹತ್ತವಲ್ದು. ಒಂದೀಟ ನೋಡಬೇ."

"ನನಗ ಬರೂದಿಲ್ಲವ್ವಾ ಅದು. ನಿಮ್ಮಪ್ಪ ಬರ್ಲಿ."

ನೀನು ಆ ಕಡೆ ತಿರುಗಿ ಸಹ ನೋಡಲಿಲ್ಲ. ಬಸುವಿಗೆ ಬಲ್ಬು ತಿರುಗಿಸುವುದಕ್ಕಿಂತ ಹೆಚ್ಚು ಏನೂ ಬರುವುದಿಲ್ಲ, ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಮಗಳಿಗೆ ಗೊತ್ತಿಲ್ಲ. ತನ್ನ ತಾಯಿಗೆ ಏನೂ ಬರುವುದಿಲ್ಲ ಎಂದು ಆ ಹುಡುಗಿ ನಂಬಿದ್ದಾಳೆ. ಹಾಗೆ ನಂಬಿಸಿದ್ದು ನೀನಲ್ಲ—

ನಿನ್ನೆ ಮಧ್ಯಾಹ್ನ ಬಸುವಿಗೆ ಹೇಳಿದೆ. ಊಟಕ್ಕೆ ಕೂತಿದ್ದ. "ಹೋಗ್ಲಿ ಬಿಡಬೇ ಯವ್ವಾ, ಈಗ್ಯಾಕ ಆ ಸುದ್ದಿ? ಗೇಮೂ ಹೋತು, ಆ ಕಾಕಾನೂ ಹ್ವಾದ" ಎಂದು ಇನ್ನೊಂದು ರೊಟ್ಟಿ ಕೇಳಿದ. ಒಂದು ತುತ್ತು ನುಂಗುವುದರೊಳಗೆ ನನ್ನನ್ನು ಕ್ಷಮಿಸಿಬಿಟ್ಟ. ಅವನದೇನು ಹೋಗಿತ್ತು?

ಹೋದದ್ದು ನಿನ್ನದು. ನಿನ್ನನ್ನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು "ಇರ್ಲಿ ಬಿಡ್ರಿ ಅತ್ತಿ" ಅನ್ನುತ್ತೀ. ಅತ್ತೆಗೆ ಬೇರೆ ಏನೆಂದು ಅನ್ನುತ್ತೀ? ಈ ಕಾಗದವನ್ನು ನಾಳೆ ಮುಂಜಾನೆ ನಿನ್ನ ಕೈಯಲ್ಲೇ ಕೊಡುತ್ತೇನೆ, ಸವಿತಾಳ ಎದುರಿಗೆ. ನಿಮ್ಮವ್ವನಿಗೆ ಆ ಕೆಲಸ ಬರುತ್ತಿತ್ತು, ಚಲೋ ಬರುತ್ತಿತ್ತು, ಬಿಡಿಸಿದವಳು ನಾನು ಎಂದು ಅವಳಿಗೆ ನಾನೇ ಹೇಳುತ್ತೇನೆ. ಆಮೇಲೆ ನೀನು ಓದು. ಓದಿ ಮುಗಿಯುವತನಕ ಎದ್ದು ಒಳಗೆ ಹೋಗದೆ ನಿನ್ನ ಎದುರಿಗೇ ಕೂತಿರುತ್ತೇನೆ.